ಎದೆಯ ಸೋನೋಗ್ರಫಿ: ನನಗೆ ಆದದ್ದು, ನಾನು ಕಂಡದ್ದು

ನಮ್ಮ ಕಲಬುರಗಿ ಕಡೆ ಸೋನೋಗ್ರಫಿ ಅಂದರೆ ಜನರಿಗೆ ಗೊತ್ತಿರುವುದು ಎರಡೇ ಕಾರಣ. ಬಸುರಿಯಾಗಿರಬೇಕು, ಇಲ್ಲವೇ ಹೊಟ್ಟೆಯಲ್ಲಿ ಹರಳಾಗಿರಬೇಕು. ಎದೆಗೂ ಅದನ್ನು ಮಾಡುತ್ತಾರೆ ಅಂತ ಹೇಳಿದರೆ ಎಷ್ಟೋ ಹೆಂಗಸರು ಸುಮ್ನೆ ನನ್ನ ಮುಖ ನೋಡುತ್ತಾರೆ. ನಾನು ಆಳಂದ ತಾಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ವಯಸ್ಸು 41. ನನ್ನ ಎದೆಯಲ್ಲಿದ್ದ ಕ್ಯಾನ್ಸರ್ ಸಿಕ್ಕಿದ್ದು ಈ ಸೋನೋಗ್ರಫಿಯಿಂದಲೇ. ಅದೂ ನನ್ನ ಕೈಗೆ ಹತ್ತಿದ ಗಂಟಿನಲ್ಲಿ ಅಲ್ಲ, ಯಾರ ಕೈಗೂ ಹತ್ತದ ಇನ್ನೊಂದು ಜಾಗದಲ್ಲಿ. ಹಾಗಾಗಿಯೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ. ಸ್ಕ್ಯಾನ್ ಮಾಡಿಸಿದೆವು ಅನ್ನುವುದು ಒಂದು ಮಾತು, ಏನೇನು ನೋಡಿದರು ಅನ್ನುವುದು ಬೇರೆಯೇ ಮಾತು.

ಹೋದ ವರ್ಷ ಬೇಸಿಗೆ ರಜೆಯಲ್ಲಿ ಸ್ನಾನ ಮಾಡುವಾಗ ಎಡ ಎದೆಯ ಮೇಲ್ಭಾಗದಲ್ಲಿ, ಬಗಲ ಕಡೆಗೆ, ಒಂದು ಗಂಟು ಕೈಗೆ ಹತ್ತಿತು. ಒತ್ತಿದರೆ ಸ್ವಲ್ಪ ನೋವು. ಅತ್ತೆಗೆ ಹೇಳಿದೆ. "ನೋವು ಅದಲ್ಲಾ, ಹಂಗಾದ್ರ ಅಂಜೂದೇನಿಲ್ಲ. ನೋವು ಇಲ್ಲದ್ದೇ ಕೆಟ್ಟದ್ದು" ಅಂದರು. ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಶುರುವಿನ ಕ್ಯಾನ್ಸರ್ ಗಂಟು ಹೆಚ್ಚಾಗಿ ನೋಯುವುದಿಲ್ಲ. ಆದರೆ ನೋಯುವ ಗಂಟೆಲ್ಲ ಸಾದಾ ಗಂಟು ಅಂತ ಹೇಳಲು ಬರುವುದಿಲ್ಲ. ಮರುದಿನವೇ ನಾನು ಹೆಣ್ಣುಮಕ್ಕಳ ಡಾಕ್ಟರ ಹತ್ತಿರ ಹೋದೆ. ಅವರು ಕೈಯಿಂದ ನೋಡಿ ಸೋನೋಗ್ರಫಿಗೆ ಚೀಟಿ ಬರೆದುಕೊಟ್ಟರು.

ಮೊದಲನೇ ಸ್ಕ್ಯಾನ್ ಬಗ್ಗೆ ಹೇಳಲು ಬಹಳ ಇಲ್ಲ. ಸೆಂಟರಿನ ಹೆಸರು ಬೇಡ. ಹೊರಗೆ ಜನ ತುಂಬಿದ್ದರು, ಒಳಗೆ ಅವಸರ. "ಗಂಟು ಎಲ್ಲದ ತೋರಸ್ರಿ" ಅಂದರು. ತೋರಿಸಿದೆ. ಆ ಜಾಗದಲ್ಲಿ ಮಷೀನ್ ಇಟ್ಟು, ಎರಡು ಫೋಟೋ ತೆಗೆದು, "ನೀರಿನ ಗಂಟು, ಏನಿಲ್ಲ" ಅಂತ ಕಳಿಸಿದರು. ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಅತ್ತೆ ಶರಣಬಸವೇಶ್ವರ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದರು.

ಚೀಟಿ ಕೊಟ್ಟ ಡಾಕ್ಟರಿಗೆ ಮಾತ್ರ ಸಮಾಧಾನ ಆಗಲಿಲ್ಲ. ರಿಪೋರ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದ್ರಾಗ ಬಲಗಡೆ ಮಾತೇ ಇಲ್ಲ. ಬಗಲಿನ ಮಾತೂ ಇಲ್ಲ. ನಿಮಗ 40 ದಾಟ್ಯದ, ಮ್ಯಾಮೋಗ್ರಾಮ್ ಒಮ್ಮೆಯೂ ಆಗಿಲ್ಲ. ಪೂರ್ತಿ ನೋಡಸ್ರಿ" ಅಂದರು. ಎದೆಯ ಆಪರೇಷನ್ ಮಾಡುವ ಲೇಡಿ ಸರ್ಜನ್ ಒಬ್ಬರ ಹತ್ತಿರ ಕಳಿಸಿದರು. ಆ ಡಾಕ್ಟರ ಹಟಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಸರ್ಜನ್ ಹೇಳಿದ್ದು ನನಗೆ ಬಹಳ ಸರಳವಾಗಿ ಅರ್ಥವಾಯಿತು. ಎದೆಯ ಗಂಟನ್ನು ಮೂರು ರೀತಿಯಲ್ಲಿ ನೋಡಬೇಕು. ಕೈಯಿಂದ, ಚಿತ್ರದಿಂದ, ಅನುಮಾನ ಇದ್ದರೆ ಸೂಜಿಯಿಂದ. ಮೂರೂ ಒಂದೇ ಮಾತು ಹೇಳಿದರೆ ಮಾತ್ರ ನಂಬಬೇಕು. ಕೈಗೆ ಒಂದು ತರಹ, ಚಿತ್ರದಲ್ಲಿ ಇನ್ನೊಂದು ತರಹ ಕಂಡರೆ ವಿಷಯ ಅಲ್ಲಿಗೆ ಮುಗಿಸಬಾರದು.

ಮ್ಯಾಮೋಗ್ರಾಮ್ ಮೊದಲು ಆಯಿತು. ಎದೆಯನ್ನು ಎರಡು ಹಲಗೆಗಳ ನಡುವೆ ಒತ್ತಿ ಎಕ್ಸ್‌ರೇ ತೆಗೆಯುತ್ತಾರೆ. ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಒಂದು ಚಿತ್ರಕ್ಕೆ ಕೆಲವೇ ಸೆಕೆಂಡು. ನನ್ನ ಚಿತ್ರದಲ್ಲಿ ಬಹುಪಾಲು ಬೆಳ್ಳಗೇ ಇತ್ತು. ನನ್ನದು ದಟ್ಟ ಎದೆಯಂತೆ. ಕೊಬ್ಬು ಕಡಿಮೆ, ಹಾಲಿನ ಗ್ರಂಥಿ ಜಾಸ್ತಿ. ಎಕ್ಸ್‌ರೇಯಲ್ಲಿ ಕೊಬ್ಬು ಕಪ್ಪಾಗಿ ಕಾಣುತ್ತದೆ, ಗ್ರಂಥಿ ಬೆಳ್ಳಗೆ ಕಾಣುತ್ತದೆ. ಗಂಟೂ ಬೆಳ್ಳಗೇ ಕಾಣುತ್ತದೆ. ಬಿಳಿಯೊಳಗೆ ಬಿಳಿ ಅಡಗಿದರೆ ಎಂಥ ಡಾಕ್ಟರಿಗೂ ಕಷ್ಟ ಅಲ್ವಾ? ಇಂಥ ಕಡೆಯೇ ಸೋನೋಗ್ರಫಿ ಬೇಕಾಗುವುದು. ಅದರಲ್ಲಿ ಗ್ರಂಥಿ ಬೆಳ್ಳಗೆ, ಗಂಟು ಕಪ್ಪಗೆ ಕಾಣುತ್ತದೆ. 30 ವರ್ಷದೊಳಗಿನ ಹುಡುಗಿಯರಿಗೆ ಗಂಟು ಬಂದರೆ ಮೊದಲು ಸೋನೋಗ್ರಫಿಯನ್ನೇ ಮಾಡುವುದಕ್ಕೆ ಇದೂ ಒಂದು ಕಾರಣ. ಆ ವಯಸ್ಸಿನಲ್ಲಿ ಎದೆ ಸಾಮಾನ್ಯವಾಗಿ ದಟ್ಟವಾಗಿಯೇ ಇರುತ್ತದೆ. ಜೊತೆಗೆ ಇದರಲ್ಲಿ ಎಕ್ಸ್‌ರೇ ಕಿರಣ ಇಲ್ಲ, ಬರೀ ಶಬ್ದದ ಅಲೆ.

ಹಾಗಂತ ಮ್ಯಾಮೋಗ್ರಾಮ್ ಬಿಟ್ಟು ಬರೀ ಸೋನೋಗ್ರಫಿ ಮಾಡಿಸಿದರೆ ಆಯಿತು ಅಂದುಕೊಳ್ಳಬೇಡಿ. ಕೆಲವು ಕ್ಯಾನ್ಸರ್‌ಗಳು ಶುರುವಾಗುವಾಗ ಗಂಟೇ ಇರುವುದಿಲ್ಲ. ಸಣ್ಣ ಸಣ್ಣ ಸುಣ್ಣದ ಕಣಗಳು ಮಾತ್ರ ಇರುತ್ತವೆ. ಅವು ಮ್ಯಾಮೋಗ್ರಾಮಿನಲ್ಲಿ ಚೆನ್ನಾಗಿ ಕಾಣುತ್ತವೆ, ಸೋನೋಗ್ರಫಿಯಲ್ಲಿ ಎಷ್ಟೋ ಸಲ ತಪ್ಪಿಹೋಗುತ್ತವೆ. 40 ದಾಟಿದವರಿಗೆ ಒಂದರ ಬದಲು ಇನ್ನೊಂದು ಅಲ್ಲ. ಗಂಟು ಇದ್ದರೆ ಎರಡೂ ಬೇಕು.

ಸೋನೋಗ್ರಫಿ ಕೋಣೆಯ ಹೊರಗೆ ಕೂತಾಗ ಪಕ್ಕದಲ್ಲಿ ಅಫಜಲಪುರ ಕಡೆಯ ಒಬ್ಬ ಆಯಿ ಇದ್ದರು, ಸೊಸೆಯ ಜೊತೆ ಬಂದಿದ್ದರು. ಗೋಡೆಯ ಮೇಲೆ ಆ ಬೋರ್ಡು, ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ, ಅದು ಅಪರಾಧ ಅಂತ. 1994ರ ಕಾಯ್ದೆಯಿಂದಾಗಿ ಎಲ್ಲ ಸ್ಕ್ಯಾನಿಂಗ್ ಸೆಂಟರಿನಲ್ಲೂ ಅದನ್ನು ಹಾಕಲೇಬೇಕು.

"ಎಷ್ಟನೇ ತಿಂಗಳ ಅದ ಯವ್ವಾ?" ಅಂತ ಆಯಿ ಕೇಳಿದರು.

"ಇಲ್ಲ ಆಯಿ, ಎದ್ಯಾಗ ಗಂಟು ಆಗ್ಯದ. ಅದನ್ನ ನೋಡಸ್ಲಾಕ ಬಂದೀನಿ."

"ಎದಿಗೂ ಇದೇ ಮಷೀನ್ ಹಚ್ತಾರೇನು?" ಅಂದವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಹೇಳಿದರು: "ನಮ್ಮ ಅಕ್ಕಗ ಹಿಂಗೇ ಗಂಟಾಗಿತ್ತು. ಯಾರಿಗೂ ಹೇಳ್ಲಿಲ್ಲ. ಹುಣ್ಣಾಗಿ ಒಡದ ಮ್ಯಾಲ ಬಾರ್ಶಿಗಿ ಒಯ್ದಿವಿ. ತಡಾ ಆಗಿತ್ತು."

ಬಾರ್ಶಿ ಅಂದರೆ ಸೊಲ್ಲಾಪುರ ಜಿಲ್ಲೆಯ ಬಾರ್ಶಿ. ಅಲ್ಲಿ ನರ್ಗೀಸ್ ದತ್ ಹೆಸರಿನ ಕ್ಯಾನ್ಸರ್ ಆಸ್ಪತ್ರೆ ಇದೆ. ನಮ್ಮ ಕಡೆ ಹಳೆಯ ಮಂದಿ ಕ್ಯಾನ್ಸರ್ ಅನ್ನುವ ಹೆಸರೇ ಎತ್ತುವುದಿಲ್ಲ, "ಬಾರ್ಶಿಗಿ ಒಯ್ದಾರ" ಅಂತಾರೆ, ಅಷ್ಟಕ್ಕೇ ಎಲ್ಲರಿಗೂ ತಿಳಿಯುತ್ತದೆ. ಈಗ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಒಂದು ಕೇಂದ್ರ ಕಲಬುರಗಿಯಲ್ಲೇ ಇದೆ. ಆ ಆಯಿಯ ಅಕ್ಕನಿಗೆ ಆಗ ದಾರಿ ದೂರವೂ ಇತ್ತು, ಹೇಳಿಕೊಳ್ಳಲು ನಾಚಿಕೆಯೂ ಇತ್ತು. ನಮ್ಮ ದೇಶದಲ್ಲಿ ಹೆಂಗಸರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಎದೆಯದ್ದೇ. 2022ರಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣ ಅಂತ ಜಾಗತಿಕ ಕ್ಯಾನ್ಸರ್ ಅಂದಾಜಿನಲ್ಲಿದೆ. ಅದರಲ್ಲಿ ಎಷ್ಟು ಜನ ಹುಣ್ಣಾಗುವವರೆಗೆ ಸೀರೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡರೋ ಅಂತ ನೆನೆದರೆ ಸಂಕಟವಾಗುತ್ತದೆ.

ನನ್ನ ಹೆಸರು ಕೂಗಿದರು. ಒಳಗೆ ರೇಡಿಯಾಲಜಿ ಡಾಕ್ಟರ್, ಒಬ್ಬ ಸಿಸ್ಟರ್. ಡಾಕ್ಟರ್ ಗಂಡಸಾಗಿದ್ದರು. ನನಗೆ ಸಂಕೋಚ ಆದದ್ದು ನಿಜ. ಸಿಸ್ಟರ್ ಅದನ್ನು ಕಂಡುಹಿಡಿದರು. "ನಾ ಇಲ್ಲೇ ನಿಂತಿರ್ತೀನ್ರಿ ಅಕ್ಕಾರ, ಎಲ್ಲೂ ಹೋಗಂಗಿಲ್ಲ" ಅಂದರು. ಪರದೆ ಎಳೆದು, ಮೇಲೆ ಹೊದಿಕೆ ಕೊಟ್ಟು, ನೋಡುವ ಕಡೆಯಷ್ಟೇ ಸರಿಸಿದರು. ಇದು ನಮ್ಮ ಹಕ್ಕು. ಸಿಸ್ಟರ್ ಇಲ್ಲದಿದ್ದರೆ ಕರೆಯಿರಿ ಅಂತ ಕೇಳಬಹುದು, ಜೊತೆಗೆ ಬಂದವರನ್ನು ನಿಲ್ಲಿಸಿಕೊಳ್ಳುತ್ತೇನೆ ಅನ್ನಬಹುದು.

ಹೊಟ್ಟೆಯ ಸ್ಕ್ಯಾನಿಗೆ ಮಾಡುವಂತೆ ಉಪವಾಸ ಇರಬೇಕಾಗಿಲ್ಲ, ನೀರು ಕುಡಿದು ತಡೆದುಕೊಳ್ಳುವುದೂ ಬೇಡ. ಮೇಲಿನ ಬಟ್ಟೆ ಮಾತ್ರ ತೆಗೆಯಬೇಕಾಗುತ್ತದೆ, ಅದಕ್ಕೆ ಮುಂದೆ ಗುಂಡಿ ಇರುವ ಬ್ಲೌಸು, ಸೀರೆ ಆದರೆ ಸುಲಭ. ಎದೆಗೆ ಪೌಡರ್, ಎಣ್ಣೆ ಹಚ್ಚಿಕೊಂಡು ಹೋಗದಿದ್ದರೆ ಒಳ್ಳೆಯದು. ಅಂಗಾತ ಮಲಗಿಸಿ, ಭುಜದ ಕೆಳಗೆ ದಿಂಬು ಕೊಟ್ಟು, ಕೈಯನ್ನು ತಲೆಯ ಮೇಲೆ ಇಡಿಸಿದರು. ಹಾಗೆ ಮಾಡಿದರೆ ಎದೆ ತೆಳ್ಳಗೆ ಹರಡಿಕೊಳ್ಳುತ್ತದೆ, ಆಳದವರೆಗೆ ಚೆನ್ನಾಗಿ ಕಾಣುತ್ತದೆ. ಜೆಲ್ ಹಚ್ಚಿದರು. ಚರ್ಮ ಮತ್ತು ಮಷೀನಿನ ನಡುವೆ ಚೂರು ಗಾಳಿ ಇದ್ದರೂ ಶಬ್ದ ಒಳಗೆ ಹೋಗದೆ ಅಲ್ಲಿಂದಲೇ ವಾಪಸ್ಸಾಗುತ್ತದೆ, ಅದಕ್ಕೇ ಈ ಜೆಲ್. ಮೇ ತಿಂಗಳ ಕಲಬುರಗಿ ಬಿಸಿಲಿನಿಂದ ಬಂದವಳಿಗೆ ಆ ತಂಪು ಹಿತವಾಗಿಯೇ ಇತ್ತು.

ಡಾಕ್ಟರ್ ಮೊದಲು ಮಾಡಿದ ಕೆಲಸ ಮಷೀನ್ ಹಿಡಿದದ್ದಲ್ಲ. ಗಂಟನ್ನು ತಾವೇ ಕೈಯಿಂದ ಮುಟ್ಟಿ ನೋಡಿದರು. ಆಮೇಲೆ ಬೆರಳು ಇದ್ದಲ್ಲೇ ಪ್ರೋಬ್, ಅಂದರೆ ಮೈಗೆ ಹಚ್ಚುವ ಮಷೀನಿನ ಹಿಡಿಕೆ, ಇಟ್ಟರು. ನಾನು ಟೀಚರ್ ಅಂತ ತಿಳಿದ ಮೇಲೆ ಪರದೆಯನ್ನು ನನ್ನ ಕಡೆ ಸ್ವಲ್ಪ ತಿರುಗಿಸಿ ಹೇಳುತ್ತಾ ಹೋದರು. ಮನುಷ್ಯರ ಕಿವಿಗೆ ಕೇಳುವುದು ಸೆಕೆಂಡಿಗೆ 20 ಸಾವಿರ ಕಂಪನದವರೆಗೆ. ಎದೆಯ ಪ್ರೋಬಿನಿಂದ ಹೊರಡುವ ಶಬ್ದ ಸೆಕೆಂಡಿಗೆ ಸುಮಾರು 1 ಕೋಟಿ ಕಂಪನದ್ದು, ಕೆಲವು ಮಷೀನಿನಲ್ಲಿ ಅದಕ್ಕೂ ಹೆಚ್ಚು. ಹೊಟ್ಟೆಗೆ ಬಳಸುವ ಪ್ರೋಬಿನಲ್ಲಿ ಇದಕ್ಕಿಂತ ಬಹಳ ಕಡಿಮೆ. ಕಂಪನ ಹೆಚ್ಚಾದಷ್ಟೂ ಚಿತ್ರ ಸ್ಪಷ್ಟ, ಆದರೆ ಆಳಕ್ಕೆ ಇಳಿಯುವುದಿಲ್ಲ. ಎದೆಗೆ ಆಳ ಬೇಕಾಗಿಲ್ಲ, ಸ್ಪಷ್ಟ ಚಿತ್ರ ಬೇಕು. ಹೊಟ್ಟೆಯ ಪ್ರೋಬಿನಿಂದ ಎದೆ ನೋಡಿದರೆ ಸಣ್ಣದು ತಪ್ಪುತ್ತದೆ ಅಂತ ಆಗ ತಿಳಿಯಿತು.

ಎಡಗಡೆ ಗಂಟು ಕಂಡಿತು. ಪೂರ್ತಿ ಕಪ್ಪು, ದುಂಡಗೆ, ಅಂಚು ತೆಳ್ಳಗೆ. ಅದರ ಕೆಳಗಿನ ಭಾಗ ಮಾತ್ರ ಸುತ್ತಲಿಗಿಂತ ಬೆಳ್ಳಗೆ ಹೊಳೆಯುತ್ತಿತ್ತು. ಒಳಗೆ ಬರೀ ನೀರು ಇದ್ದರೆ ಶಬ್ದ ಅಡ್ಡಿಯಿಲ್ಲದೆ ದಾಟುತ್ತದೆ, ಅದಕ್ಕೇ ಹಿಂದಿನ ಜಾಗ ಹೊಳೆಯುತ್ತದೆ. "ಇದು ನೀರಿನ ಗಂಟೇ. ಇದರಿಂದ ಏನೂ ಆಗಂಗಿಲ್ಲ, ಬಹಳ ನೋವಾದ್ರ ಸೂಜಿಲೆ ನೀರು ತಗೀಬಹುದು" ಅಂದರು. ಅಂದರೆ ಮೊದಲಿನ ರಿಪೋರ್ಟ್ ಸುಳ್ಳಾಗಿರಲಿಲ್ಲ. ಅದು ಅಲ್ಲಿಗೇ ನಿಂತಿತ್ತು, ಅಷ್ಟೇ.

ಇವರು ನಿಲ್ಲಲಿಲ್ಲ. ಎದೆಯನ್ನು ಗಡಿಯಾರದ ಮುಖದಂತೆ ಎಣಿಸುತ್ತಾರೆ. 12 ಗಂಟೆಯಿಂದ ಶುರು ಮಾಡಿ ಒಂದೊಂದೇ ಗಂಟೆಯ ಕಡೆಯಿಂದ ತೊಟ್ಟಿನವರೆಗೆ ಎಳೆಯುತ್ತಾ ಪೂರ್ತಿ ಸುತ್ತು ಬಂದರು. ತೊಟ್ಟಿನ ಹಿಂದೆ ನೋಡಿದರು. ಬಗಲಲ್ಲಿ ನೋಡಿದರು. ಆಮೇಲೆ ಬಲಗಡೆ.

ಬಲಗಡೆ 11 ಗಂಟೆಯ ಹತ್ತಿರ ಕೈ ನಿಂತಿತು. ಅಲ್ಲೇ ಪ್ರೋಬನ್ನು ಅಡ್ಡ ತಿರುಗಿಸಿದರು, ಉದ್ದ ತಿರುಗಿಸಿದರು, ಸ್ವಲ್ಪ ಒತ್ತಿದರು. ಮಾತು ನಿಂತಿತ್ತು. ನಾನು ಪರದೆ ನೋಡಿದೆ. ಸಣ್ಣ ಬೂದು-ಕಪ್ಪು ಚುಕ್ಕೆ, ಅಂಚು ಒರಟು, ಅದರ ಕೆಳಗೆ ಕಪ್ಪು ನೆರಳು. ಅಳತೆ 11 ಮಿಲಿಮೀಟರ್. ಬಣ್ಣದ ಗುಂಡಿ ಒತ್ತಿದಾಗ ಒಳಗೆ ರಕ್ತ ಹರಿಯುವುದು ಕೆಂಪು-ನೀಲಿಯಾಗಿ ಕಂಡಿತು. ನಾನು ಆ ಜಾಗವನ್ನು ಎಷ್ಟು ಒತ್ತಿ ನೋಡಿದರೂ ಕೈಗೆ ಏನೂ ಹತ್ತಲಿಲ್ಲ. ಡಾಕ್ಟರ ಕೈಗೂ ಹತ್ತಲಿಲ್ಲ.

"ಏನ್ರಿ ಅದು?" ಅಂತ ಕೇಳಿದೆ.

"ಇದನ್ನ ಸೂಜಿ ಹಾಕಿ ನೋಡಬೇಕ್ರಿ ಮೇಡಂ. ಚಿತ್ರ ನೋಡಿ ಹೌದು, ಅಲ್ಲ ಅಂತ ಹೇಳಲಿಕ್ಕೆ ಬರಂಗಿಲ್ಲ. ಆದ್ರ ಬಿಡೂ ಹಂಗಿಲ್ಲ" ಅಂದರು. ಅನುಮಾನ ಯಾಕೆ ಅಂತಲೂ ಮುಚ್ಚಿಡದೆ ಹೇಳಿದರು. ಎದೆಯೊಳಗಿನ ಪದರಗಳು ಚರ್ಮಕ್ಕೆ ಸಮವಾಗಿ ಅಡ್ಡಡ್ಡ ಇರುತ್ತವೆ. ಸಾದಾ ಗಂಟು ಆ ಪದರಗಳ ನಡುವೆ ಅಡ್ಡಡ್ಡಲಾಗಿಯೇ ಬೆಳೆಯುತ್ತದೆ. ಅಗಲ ಜಾಸ್ತಿ, ಎತ್ತರ ಕಡಿಮೆ. ನನ್ನದು ಅಗಲಕ್ಕಿಂತ ಎತ್ತರ ಇತ್ತು, ಪದರಗಳನ್ನು ಸೀಳಿಕೊಂಡು ನಿಂತಿತ್ತು. ಬಗಲಿನ ಲಿಂಫ್ ಗಡ್ಡೆಗಳು (ಎಲ್ಲರ ಬಗಲಲ್ಲೂ ಇರುವ ಸಣ್ಣ ಗ್ರಂಥಿಗಳು) ಮಾತ್ರ ಮೊಟ್ಟೆಯಾಕಾರದಲ್ಲಿ, ನಡುವೆ ಬೆಳ್ಳಗೆ, ಸರಿಯಾಗಿಯೇ ಇದ್ದವು.

ರಿಪೋರ್ಟಿನಲ್ಲಿ ಬೈರಾಡ್ಸ್ ಅಂತ ಒಂದು ಸಾಲು ಇರುತ್ತದೆ. 0ಯಿಂದ 6ರವರೆಗಿನ ಅಂಕಿ. ಇದು ಕ್ಯಾನ್ಸರಿನ ಸ್ಟೇಜ್ ಅಲ್ಲ, ಅನುಮಾನ ಎಷ್ಟು ಅನ್ನುವ ಲೆಕ್ಕ. ನನಗೆ ಗೊತ್ತಿರುವ ಒಬ್ಬ ಅಕ್ಕ ತನ್ನ ರಿಪೋರ್ಟಿನಲ್ಲಿ 4 ನೋಡಿ ನಾಲ್ಕನೇ ಸ್ಟೇಜ್ ಅಂತ ತಿಳಿದು ಊಟ ಬಿಟ್ಟಿದ್ದಳು. ಅವಳದ್ದು 4ಎ. ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ 100ಕ್ಕೆ 2ರಿಂದ 10 ಮಾತ್ರ. ಸೂಜಿ ಪರೀಕ್ಷೆಯಲ್ಲಿ ಅವಳಿಗೆ ಏನೂ ಬರಲಿಲ್ಲ. 4ಬಿ ಆದರೆ 10ರಿಂದ 50. 4ಸಿ ಆದರೆ 50ರಿಂದ 95. 5 ಅಂದರೆ 95ರ ಮೇಲೆ. ನನ್ನ ಎಡಗಡೆ ನೀರಿನ ಗಂಟಿಗೆ 2, ಬಲಗಡೆಯದ್ದಕ್ಕೆ 4ಸಿ.

ಮನೆಯಲ್ಲಿ ದೊಡ್ಡ ತಕರಾರು ಎದ್ದದ್ದು ಸೂಜಿಗೆ. "ಸೂಜಿ ಹಾಕಿದ್ರ ಕ್ಯಾನ್ಸರ್ ಮೈಯೆಲ್ಲಾ ಹರಡ್ತದ" ಅಂತ ಮೈದುನ ಎಲ್ಲಿಂದಲೋ ಕೇಳಿಕೊಂಡು ಬಂದ. ನಮ್ಮ ಮನೆಯವರೂ ಅನುಮಾನಿಸಿದರು. ಸರ್ಜನ್ ಇಬ್ಬರನ್ನೂ ಕೂಡಿಸಿ ಹೇಳಿದರು. ಸೂಜಿ ಪರೀಕ್ಷೆಯಿಂದ ರೋಗ ಮೈಯೆಲ್ಲ ಹರಡುತ್ತದೆ ಅನ್ನುವುದು ಬರೀ ಭಯ. ಸೂಜಿ ಹಾಕದೆ ಕತ್ತರಿಸಿದರೆ, ಏನು ರೋಗ, ಎಂಥ ರೋಗ ಅಂತ ತಿಳಿಯದೆಯೇ ಎದೆ ಕೊಯ್ದ ಹಾಗಾಗುತ್ತದೆ. ಜೊತೆಗೆ ಸಣ್ಣ ಸೂಜಿಯಿಂದ ಬರೀ ಜೀವಕೋಶ ಎಳೆಯುವ ಪರೀಕ್ಷೆ ಬೇಡ, ತುಣುಕನ್ನೇ ತೆಗೆಯುವ ಕೋರ್ ಬಯಾಪ್ಸಿ ಬೇಕು ಅಂದರು. ತುಣುಕು ಇದ್ದರೆ ಮಾತ್ರ ಯಾವ ಜಾತಿಯ ಕ್ಯಾನ್ಸರ್, ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ಸರಿಯಾಗಿ ಹೇಳಲು ಬರುತ್ತದೆ.

ಬಯಾಪ್ಸಿಗೂ ಸೋನೋಗ್ರಫಿಯೇ ಬೇಕಾಯಿತು. ಕೈಗೆ ಹತ್ತದ ಗಂಟಿಗೆ ಕಣ್ಣುಮುಚ್ಚಿ ಸೂಜಿ ಹಾಕಲು ಆಗುವುದಿಲ್ಲವಲ್ಲ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತೀರಾ ಅಂತ ಮೊದಲೇ ಕೇಳಿದರು. ಜಾಗ ಸ್ವಚ್ಛ ಮಾಡಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ನನಗೆ ನೋವಾದದ್ದು ಅದೊಂದೇ. ಬಯಾಪ್ಸಿ ಸೂಜಿಯನ್ನು ಹಾಕುವ ಮೊದಲು ಗಾಳಿಯಲ್ಲೇ ಒಮ್ಮೆ ಟಕ್ ಅನ್ನಿಸಿ ತೋರಿಸಿದರು, ಆ ಸದ್ದಿಗೆ ನಾನು ಬೆಚ್ಚಿ ಅಲುಗಾಡಬಾರದು ಅಂತ. ಪರದೆಯ ಮೇಲೆ ಸೂಜಿ ಬಿಳಿ ಗೆರೆಯಾಗಿ ಗಂಟಿನ ಕಡೆ ಸಾಗುವುದು ಕಾಣುತ್ತಿತ್ತು. ಅಂಚಿಗೆ ತಲುಪಿದ ಮೇಲೆ ಟಕ್. ಹೀಗೆ ಕೆಲವು ಸಲ. ಹೊರಬಂದ ತುಣುಕುಗಳು ಶಾವಿಗೆ ಎಳೆಯಷ್ಟು ಸಣ್ಣ. ತುಣುಕು ಕೆಡದಂತೆ ಇಡುವ ಫಾರ್ಮಲಿನ್ ಬಾಟಲಿಯಲ್ಲಿ ಹಾಕಿ, ಬಾಟಲಿಯ ಮೇಲೆ ನನ್ನ ಹೆಸರು, ಬಲ, 11 ಗಂಟೆ ಅಂತ ನನ್ನ ಎದುರಿಗೇ ಬರೆದರು. ಸಿಸ್ಟರ್ ಜಾಗವನ್ನು ಗಟ್ಟಿಯಾಗಿ ಒತ್ತಿ ಹಿಡಿದು ಪಟ್ಟಿ ಕಟ್ಟಿದರು. ಹೊಲಿಗೆ ಇಲ್ಲ. "ಎರಡು ದಿನ ಭಾರ ಎತ್ತಬ್ಯಾಡ್ರಿ, ರೊಟ್ಟಿ ಬಡಿಬ್ಯಾಡ್ರಿ" ಅಂದರು. ರೊಟ್ಟಿ ಬಡಿಯುವುದು ಬಲಗೈಯಿಂದ, ಅದಕ್ಕೆ ಆ ಮಾತು. ನಮ್ಮ ಮನೆಯವರು ಸೂಪರ್ ಮಾರ್ಕೆಟಿನಿಂದ ಕಟಕ್ ರೊಟ್ಟಿ ತಂದಿಟ್ಟರು. ಆ ಜಾಗ ಕೆಲವು ದಿನ ಹಸಿರು-ನೀಲಿಯಾಗಿತ್ತು, ಆಮೇಲೆ ಮಾಯವಾಯಿತು.

ರಿಪೋರ್ಟ್ ಬರುವವರೆಗಿನ ದಿನಗಳ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ. ಆ ದಿನಗಳನ್ನು ಕಳೆದವರಿಗೆ ಅದು ಗೊತ್ತು.

ಬಂದದ್ದು ಕ್ಯಾನ್ಸರ್ ಅಂತಲೇ. ಹಾಲಿನ ನಾಳದಲ್ಲಿ ಹುಟ್ಟಿ ಹೊರಗೆ ಕಾಲಿಟ್ಟಿತ್ತು. ಆದರೆ 2 ಸೆಂಟಿಮೀಟರಿಗಿಂತ ಚಿಕ್ಕದು, ಬಗಲಿಗೆ ಹೋದ ಗುರುತಿಲ್ಲ. ಪೂರ್ತಿ ಎದೆ ತೆಗೆಯುವುದು ಬೇಡ, ಗಂಟಿನ ಭಾಗವಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೆ ಸಾಕು ಅಂದರು ಸರ್ಜನ್. ಆಪರೇಷನ್ ದಿನ ಬೆಳಿಗ್ಗೆ ಅದೇ ರೇಡಿಯಾಲಜಿ ಡಾಕ್ಟರ್ ಮತ್ತೆ ಸೋನೋಗ್ರಫಿ ಹಿಡಿದು ಗಂಟಿನೊಳಗೆ ಒಂದು ತೆಳು ತಂತಿ ಇಟ್ಟರು. ಕೈಗೆ ಹತ್ತದ್ದನ್ನು ಸರ್ಜನ್ ಹುಡುಕಬೇಕಲ್ಲ, ಆ ತಂತಿಯೇ ದಾರಿ ತೋರಿಸುತ್ತದೆ. ಕತ್ತರಿಸಿದ ಭಾಗದ ಅಂಚುಗಳು ಶುದ್ಧ, ಅಂದರೆ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ, ಅಂತ ಆಮೇಲೆ ವರದಿ ಬಂತು. ಕ್ಯಾನ್ಸರ್ ಹರಡಿದರೆ ಮೊದಲು ಮುಟ್ಟುವ ಬಗಲಿನ ಲಿಂಫ್ ಗಡ್ಡೆಗಳೂ ಶುದ್ಧ. ರೇಡಿಯೇಷನ್ ಮುಗಿದಿದೆ. ಹಾರ್ಮೋನಿನಿಂದ ಬೆಳೆಯುವ ಜಾತಿಯಾದ್ದರಿಂದ ಅದನ್ನು ತಡೆಯಲು ದಿನಾ ಒಂದು ಟ್ಯಾಮಾಕ್ಸಿಫೆನ್ ಮಾತ್ರೆ ಇದೆ, ಕನಿಷ್ಠ 5 ವರ್ಷ. ವರ್ಷಕ್ಕೊಮ್ಮೆ ಮ್ಯಾಮೋಗ್ರಾಮ್, ಜೊತೆಗೆ ಸೋನೋಗ್ರಫಿ. ಈ ಜೂನಿನಿಂದ ಶಾಲೆಗೆ ಹೋಗುತ್ತಿದ್ದೇನೆ.

ನನಗೆ ಬಂತು ಅಂದ ಮೇಲೆ ನನ್ನ ತಂಗಿಗೂ ನೋಡಿಸಬೇಕು ಅಂತ ಸರ್ಜನ್ ಹೇಳಿದ್ದರು. ಅವಳು ಸೇಡಂನಲ್ಲಿರುತ್ತಾಳೆ, ನನಗಿಂತ 5 ವರ್ಷ ಚಿಕ್ಕವಳು. ಕರೆದುಕೊಂಡು ಹೋದೆ. ಒಳಗೆ ಹೋದ ಕೂಡಲೇ, ಮಲಗುವ ಮೊದಲೇ, ಅವಳೇ ಡಾಕ್ಟರಿಗೆ ಹೇಳಿದಳು: "ಎರಡೂ ಕಡಿ ನೋಡ್ರಿ ಸರ್, ಬಗಲೂ ನೋಡ್ರಿ, ರಿಪೋರ್ಟಿನ್ಯಾಗ ಅದನ್ನ ಬರೀರಿ." ನಾನು ಹೇಳಿಕೊಟ್ಟಿರಲಿಲ್ಲ. ನನ್ನ ಜೊತೆ ಓಡಾಡಿದ್ದಳಲ್ಲ, ತಾನೇ ಕಲಿತಿದ್ದಳು.

ಅವಳಿಗೆ ಎಡಗಡೆ ಒಂದು ಸಣ್ಣ ಗಂಟು ಕಂಡಿತು. ಅಂಚು ನುಣುಪು, ಅಡ್ಡಡ್ಡ ಬೆಳೆದದ್ದು. ಬೈರಾಡ್ಸ್ 3. ಕ್ಯಾನ್ಸರ್ ಇರುವ ಸಾಧ್ಯತೆ 100ಕ್ಕೆ 2ರ ಒಳಗೆ. ಈಗಲೇ ತೆಗೆಸಿಬಿಡೋಣ ಅಂತ ಅವಳ ಗಂಡ ಹಟ ಹಿಡಿದ. ಇಂಥ ಗಂಟನ್ನು 6 ತಿಂಗಳು ಬಿಟ್ಟು ಮತ್ತೆ ಅಳೆಯುವುದೇ ಸರಿಯಾದ ದಾರಿ, ಬೆಳೆದರೆ, ಆಕಾರ ಬದಲಾದರೆ ಆಗ ಸೂಜಿ ಅಂತ ಡಾಕ್ಟರ್ ತಿಳಿಸಿ ಹೇಳಿದರು. ದೀಪಾವಳಿ ಮುಗಿದ ವಾರಕ್ಕೆ ತಾರೀಖು ಬರೆದುಕೊಂಡಿದ್ದೇವೆ. ಅವತ್ತು ಹಳೆಯ ರಿಪೋರ್ಟು, ಫಿಲ್ಮು ಎರಡೂ ತರಬೇಕು, ಹೊಸ ಅಳತೆಯನ್ನು ಹಳೆಯದರ ಪಕ್ಕ ಇಟ್ಟು ನೋಡುತ್ತಾರೆ.